ಅಜ್ಜನ ಟ್ರಂಕಿನ್ಯಾಗ ಸಿಕ್ಕ ಐದು ಸಾಮಾನು, ಇವು ಏನಂತ ಯಾರಿಗಾದ್ರೂ ಗೊತ್ತೇನ್ರಿ?

ಕುಂದಗೋಳದವ
ನಮಸ್ಕಾರ ರೀ ಎಲ್ಲಾರಿಗೂ. ಊರಾಗಿನ ಹಳೇ ಮನಿ ಕೆಡವಾಕ ಹತ್ತೇವಿ. ಅಟ್ಟದ ಮ್ಯಾಲ ಅಜ್ಜನ ತಗಡಿನ ಟ್ರಂಕ್ ಇತ್ತು, ಇಬ್ಬರು ಹಿಡದು ಇಳಸೂವಷ್ಟು ವಜ್ಜಿ. ಅಜ್ಜ ರೇಲ್ವೆದಾಗ ಇದ್ರು ಅನ್ನೂದಷ್ಟ ನಮಗ ಗೊತ್ತು. ಏನು ಕೆಲಸ ಅಂತ ಕೇಳಿದ್ರ ಅಪ್ಪನೂ "ಕಾರ್ಖಾನ್ಯಾಗ" ಅಂದು ಸುಮ್ಮನಾಗತಾರ. ಸುತ್ತಿಗಿ, ಅರ, ಪಾನಾ ಎಲ್ಲಾ ಇದ್ವು, ಅವೇನು ಗೊತ್ತಾದ್ವು. ಗೊತ್ತಾಗಲಾರದ ಐದರ ಫೋಟೊ ಹಾಕೇನಿ.

1) ಗೇಣುದ್ದದ ಉಕ್ಕಿನ ಪಟ್ಟಿ, ಒಂದು ಕಡೆ ಹಿಡಿಕಿ. ಪಟ್ಟಿ ತುಂಬ ಸಾಲಾಗಿ ತೂತು, ದೊಡ್ಡದರಿಂದ ಸಣ್ಣದಕ್ಕ ಇಳಕೋತ ಹೋಗ್ಯಾವ.
2) ಮುಷ್ಟಿಯೊಳಗ ಹಿಡಿಯೂವಂಥ ಉಕ್ಕಿನ ಕೊಳವಿ. ಸುತ್ತ ಮೂರು ಸೀಳು, ಒಂದೊಂದರಾಗ ಒಂದೊಂದು ಸಣ್ಣ ರೋಲರ್. ಹೊರಗ ಬೀಳೂದಿಲ್ಲ, ಅಲ್ಲೇ ತಿರಗತಾವ. ನಡುವ ತೂರಸಾಕ ಒಂದು ಸರಳು ಐತಿ, ತುದಿಗೆ ಸಣ್ಣಾಗಕೋತ ಹೋಗತೈತಿ, ಹಿಂದ ಚೌಕ ತಲಿ.
3) ಉಳಿ ಅನ್ರಿ, ಆದ್ರ ಮೊಂಡು. ಬೇಕಂತನ ಮೊಂಡ ಮಾಡಿದಂಗೈತಿ. ತಲಿ ಬಡದು ಬಡದು ಅಣಬಿ ಹಂಗ ಅರಳೈತಿ.
4) ಕಟ್ಟಿಗಿ ಹಿಡಿಕಿ, ತುದಿಗೆ ಹಲ್ಲಿನ ಸಣ್ಣ ಚಕ್ರ.
5) ಇಕ್ಕಳದ ನಮೂನಿ. ಒತ್ತಿದ್ರ ಒಳಗಿಂದ ಸಣ್ಣ ಮೊಳಿ ಮುಂದ ಬರತೈತಿ. ಎದುರಿಗೆ ನಂಬರ್ ಕೊರದ ದುಂಡನ ಬಿಲ್ಲಿ.

ಗುಜರಿಯವ ಬಂದು ಕಿಲೋ ಲೆಕ್ಕದಾಗ ಕೇಳಿ ಹೋಗ್ಯಾನ. ಕೊಡೂಕಿಂತ ಮೊದಲ ಏನಂತ ತಿಳಕೋಬೇಕು.

ತೇಗದ ತುಂಡು
5 ಗರಗಸದ ಹಲ್ಲು ಸೆಟ್ ಮಾಡೋ ಇಕ್ಕಳ. ಮುಂದಿನದು ಕೇಳಿ.

ಬಸವನಗುಡಿ ಬಾಲ್ಕನಿ
1 ಶಾವಿಗೆ ಒತ್ತೋ ಒರಳಿನ ಬಿಲ್ಲೆ ಅಲ್ವಾ? ನಮ್ಮಜ್ಜಿ ಮನೇಲಿ ಇತ್ತು.

ಗದಗ ಗಿರಮಿಟ್
ಶಾವಿಗಿ ಬಿಲ್ಲಿಗೆ ತೂತು ಎಲ್ಲಾ ಒಂದ ಗಾತ್ರ ಇರತಾವ್ರಿ. ಇದರಾಗ ಒತ್ತಿದ್ರ ಒಂದು ಎಳಿ ಕೂದಲಾ, ಇನ್ನೊಂದು ಎಳಿ ಹಗ್ಗ. ಬಡಿಸಾವ್ರು ಯಾರು, ತಿನ್ನಾವ್ರು ಯಾರು.

ಒರೆಗಲ್ಲು
1 ಕಂಬಚ್ಚು ಅನ್ಸುತ್ತೆ. ನಮ್ಮದು ಅಕ್ಕಸಾಲಿ ಮನೆತನ, ಚಿಕ್ಕಂದಿನಿಂದ ನೋಡಿದ ಸಾಮಾನು. ಬೆಳ್ಳಿ, ಚಿನ್ನದ ಸರಳಿನ ತುದಿ ಅರದಲ್ಲಿ ಉಜ್ಜಿ ಚೂಪು ಮಾಡಿ, ತೂತಿಗೆ ತೂರಿಸಿ, ಆ ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯೋದು. ದೊಡ್ಡ ತೂತು ಆಯ್ತು ಅಂದ್ರೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಎಳೀತಾ ಎಳೀತಾ ತಂತಿ ಗಡುಸಾಗುತ್ತೆ, ಆಗ ಕಾಯಿಸಿ ಮೆತ್ತಗೆ ಮಾಡ್ಕೋಬೇಕು, ಇಲ್ಲಾಂದ್ರೆ ಪಟ್ ಅಂತ ಕಿತ್ತು ಹೋಗುತ್ತೆ. ಜೇನುಮೇಣ ಸವರಿದ್ರೆ ಸಲೀಸು. ನಮ್ಮ ತಂದೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಇಡೀ ಮೈ ಹಿಂದಕ್ಕೆ ಹಾಕಿ ಎಳೀತಿದ್ರು.

ಆದ್ರೆ ಒಂದು ಅನುಮಾನ. ನಮ್ಮ ಕಂಬಚ್ಚಿಗೆ ಹಿಡಿಕೆ ಇಲ್ಲ. ಅದನ್ನ ಗೂಟಕ್ಕೋ ವೈಸಿಗೋ ಕಚ್ಚಿಸ್ತೀವಿ, ಕೈಯಲ್ಲಿ ಹಿಡಿಯೋದಿಲ್ಲ.

ಪೀಣ್ಯ ಲೇಥ್
ಹಿಡಿಕೆ ಇದೆ ಅಂದ್ಮೇಲೆ ಅದು ತಿರುಗಿಸೋ ಸಾಮಾನು. @ಕುಂದಗೋಳದವ, ಒಂದು ಬೆಂಕಿಕಡ್ಡಿ ತಗೊಂಡು ತೂತಿನ ಒಳಗೋಡೆ ಸವರಿ ನೋಡಿ. ನುಣ್ಣಗಿದ್ರೆ ಒರೆಗಲ್ಲು ಸರ್ ಹೇಳಿದ್ದೇ ಸರಿ. ಕಡ್ಡಿ ಗರಗರ ಅಂದ್ರೆ ಥ್ರೆಡ್, ಅಂದ್ರೆ ಬೋಲ್ಟಿನ ಮೇಲಿರೋ ಥರದ ಸುರುಳಿ ಗೆರೆ ಇದೆ ಅಂತ, ಆಗ ಅದು ಸ್ಕ್ರೂ ಪ್ಲೇಟ್. ಇನ್ನೊಂದು ಗುರುತು, ದೊಡ್ಡ ತೂತುಗಳ ಆಚೆ ಈಚೆ ಸಣ್ಣ ತೂತು ಇದ್ದು, ನಡುವೆ ಸೀಳಿನಿಂದ ಕೂಡಿಕೊಂಡಿರಬೇಕು.

ಕುಂದಗೋಳದವ
ಗರಗರ ಅಂತೈತ್ರಿ! ಸೀಳೂ ಅದಾವ. ಸೀಮೆಎಣ್ಣಿ ಹಚ್ಚಿ ಒರಸಿದ ಮ್ಯಾಲ ತೂತಿನ ಬಾಜೂಕ 1/4, 5/16, 3/8, 1/2 ಅಂತ ಕಂಡ್ವು.

ಪೀಣ್ಯ ಲೇಥ್
ಸ್ಕ್ರೂ ಪ್ಲೇಟೇ. ಡೈ ಸೆಟ್ ಎಲ್ಲರ ಕೈಗೂ ಬರೋ ಮುಂಚೆ ಬೋಲ್ಟಿಗೆ ಥ್ರೆಡ್ ಹಾಕ್ತಿದ್ದದ್ದು ಇದ್ರಲ್ಲೇ. ಸರಳನ್ನ ವೈಸಿಗೆ ಕಚ್ಚಿಸಿ, ಎಣ್ಣೆ ಬಿಟ್ಟು, ಇದನ್ನ ತಲೆ ಮೇಲೆ ಕೂರಿಸಿ ತಿರುಗಿಸೋದು. ಮುಂದಕ್ಕೆ ಒಂದು ಸುತ್ತು, ಹಿಂದಕ್ಕೆ ಅರ್ಧ. ಇದು ಕತ್ತರಿಸೋದಕ್ಕಿಂತ ಲೋಹವನ್ನ ಒತ್ತಿ ಎಬ್ಬಿಸೋದೇ ಜಾಸ್ತಿ, ಅದಕ್ಕೇ ಮೆತ್ತನೆ ಕಬ್ಬಿಣ, ಹಿತ್ತಾಳೆಗೆ ಸರಿಹೋಗುತ್ತೆ. ಗಟ್ಟಿ ಉಕ್ಕಿಗೆ ಹಾಕಿದ್ರೆ ಸರಳೇ ತಿರುಚಿಕೊಳ್ಳುತ್ತೆ.

ಇಂಚಿನ ಅಳತೆ ನೋಡಿದ್ರೆ ವಿಟ್‌ವರ್ತ್, ಅಂದ್ರೆ ಇಂಗ್ಲೆಂಡಿನ ಹಳೇ ಅಳತೆಯ ಥ್ರೆಡ್ ಇರುತ್ತೆ.

ಮೆಟ್ರಿಕ್ ಮಂಜ
ಇಂಚು ಇದ್ದಮಾತ್ರಕ್ಕೆ ವಿಟ್‌ವರ್ತ್ ಹೇಗೆ? ಅಮೆರಿಕದ ಯುಎನ್‌ಸಿ ಕೂಡ ಇಂಚೇ. ಕಾಲಿಂಚಿಗೆ ಎರಡರಲ್ಲೂ ಇಂಚಿಗೆ 20 ಥ್ರೆಡ್.

ಪೀಣ್ಯ ಲೇಥ್
ಕಾಲಿಂಚಿಗೆ 20, ಮೂರೆಂಟರ ಇಂಚಿಗೆ 16, ಅಲ್ಲಿ ಎರಡೂ ಒಂದೇ, ಒಪ್ಪಿದೆ. ಅರ್ಧ ಇಂಚಿಗೆ ಬನ್ನಿ. ವಿಟ್‌ವರ್ತ್ 12, ಯುಎನ್‌ಸಿ 13. ಕೋನವೂ ಬೇರೆ, ಅದು 55 ಡಿಗ್ರಿ, ಇದು 60. ವಿಟ್‌ವರ್ತ್ ಆ ಅಳತೆ ಮುಂದಿಟ್ಟಿದ್ದು 1841ರಲ್ಲಿ, ಇಲ್ಲಿನ ರೈಲ್ವೆಗಳು ಇಂಜಿನ್, ಮೆಷಿನ್ ತರಿಸಿಕೊಂಡಿದ್ದು ಹೆಚ್ಚುಪಾಲು ಇಂಗ್ಲೆಂಡಿನಿಂದ. ಇನ್ನೇನು ಬೇಕು? ನನ್ನ ಬಳಿ ಇವತ್ತೂ ಹಳೇ ಲೇಥಿನ ಬೋಲ್ಟ್ ಹಿಡ್ಕೊಂಡು ಬರೋರು ಇದಾರೆ, ಹೊಸ ನಟ್ ಎರಡು ಸುತ್ತು ಹೋಗಿ ನಿಲ್ಲುತ್ತೆ, ಸ್ಪ್ಯಾನರ್ ಹಾಕಿ ಬಲವಂತ ಮಾಡಿ ಎರಡನ್ನೂ ಕೆಡಿಸಿಕೊಂಡು ಬರ್ತಾರೆ.

ಮೆಟ್ರಿಕ್ ಮಂಜ
ಥ್ರೆಡ್ ಗೇಜ್ ಇಟ್ಟು ನೋಡದೆ ನಾನಂತೂ ಒಪ್ಪಲ್ಲ.

ಗದಗ ಗಿರಮಿಟ್
ನೀವು ಒಪ್ಪಲಿಲ್ಲಂದ್ರ ಬೋಲ್ಟ್ ಬಿಚ್ಚಿ ಹೋಗತೈತೇನ್ರಿ. ಎರಡನೇದಕ್ಕ ಬರ್ರಿ.

ಬಸವನಗುಡಿ ಬಾಲ್ಕನಿ
2 ಕಬ್ಬಿನ ಹಾಲಿನ ಮೆಷಿನ್ ಪಾರ್ಟ್?

ಸ್ಕೂಟರ್ ಸುಬ್ಬ
ಹಳೇ ರೋಲರ್ ಬೇರಿಂಗ್ ಗುರು ಅದು. ಹೊರಗಿನ ರಿಂಗ್ ಹೋಗಿದೆ ಅಷ್ಟೇ.

ಮಂಡ್ಯದ ಮಡಿಕೆ
ಬೇರಿಂಗೂ ಅಲ್ಲ, ಗಾಣವೂ ಅಲ್ಲ ಕಣಣ್ಣ. ಟ್ಯೂಬ್ ಎಕ್ಸ್‌ಪಾಂಡರ್ ಅದು. ಸಕ್ಕರೆ ಫ್ಯಾಕ್ಟ್ರಿ ಬಾಯ್ಲರ್‌ನಲ್ಲಿ ಕೆಲ್ಸ ಮಾಡ್ದೋರ್ ಯಾರ್ನಾದ್ರೂ ಕೇಳಿ, ದೂರದಿಂದ್ಲೇ ಹೇಳ್ತರೆ. ಈಗ್ಲೂ ಇದೇ ಸಾಮಾನು, ತಿರುಗ್ಸಕ್ಕೆ ಗಾಳಿ ಮೋಟ್ರು ಬಂದದೆ ಅಷ್ಟೆಯ.

ಬಾಯ್ಲರ್ ಒಳಗೆ ಕೊಳವೆಗಳು ಇರ್ತವಲ್ಲ, ಅವುಗಳ ಎರಡು ತುದಿ ದಪ್ಪ ತಗಡಿನ ತೂತಿಗೆ ಬಂದು ಕೂತ್ಕೋಬೇಕು. ಅಲ್ಲಿ ಬೋಲ್ಟ್ ಇಲ್ಲ, ಅಂಟು ಇಲ್ಲ. ಕೊಳವೆ ಬಾಯಿಗೆ ಇದನ್ನ ತೂರ್ಸಿ, ನಡುವಿನ ಸರಳನ್ನ ಒಂದೇಟು ಬಡ್ದು, ಚೌಕ ತಲೆಗೆ ಹಿಡಿ ಹಾಕಿ ತಿರುಗ್ಸದು. ಸರಳು ಒಳಕ್ಕೆ ಹೋದಂಗೆಲ್ಲ ಮೂರೂ ರೋಲರ್ ಹೊರಕ್ಕೆ ಒತ್ತುತ್ತವೆ, ಕೊಳವೆ ಬಾಯಿ ಉಬ್ಬಿ ತೂತಿನ ಗೋಡೆಗೆ ಕಚ್ಕೊತದೆ. ಆಮೇಲೆ ಉಗಿ ಅಲ್ಲ, ನೀರಿನ ಹನಿಯೂ ಆಚೆ ಬರಲ್ಲ.

ಎಷ್ಟು ತಿರುಗ್ಸಬೇಕು ಅನ್ನದೇ ವಿದ್ಯೆ. ಕಮ್ಮಿ ಆದ್ರೆ ಸೋರ್ತದೆ. ಜಾಸ್ತಿ ಆದ್ರೆ ಕೊಳವೆ ಗೋಡೆ ತೆಳ್ಳಗಾಗಿ ಬಿರುಕು ಬುಡ್ತದೆ, ಇಲ್ಲಾ ಅಂದ್ರೆ ಪಕ್ಕದ ತೂತೇ ಸೊಟ್ಟಗಾಯ್ತದೆ. ಹಳಬರು ಹಿಡಿ ಬಿಗಿಯೋದ್ರಲ್ಲೇ ತಿಳ್ಕೊಳೋರು. ಮೊದ್ಲು ಹಗುರವಾಗಿ ಹೋಗ್ತಾ ಇರ್ತದೆ, ಇದ್ದಕ್ಕಿದ್ದಂಗೆ ಕೈಗೆ ಭಾರ ಬತ್ತದೆ, ಅಲ್ಲಿಂದ ಇನ್ನೊಂಚೂರು, ಸಾಕು.

ಕುಂದಗೋಳದವ
ಸರಳು ಹಾಕಿ ತಿರುಗಿಸಿ ನೋಡಿದೆ, ಖರೇನ ರೋಲರ್ ಹೊರಗ ಬರಾಕ ಹತ್ತಿದ್ವು! ಅಂದ್ರ ಉಗಿಬಂಡಿ ಬಾಯ್ಲರ್?

ಮಂಡ್ಯದ ಮಡಿಕೆ
ರೈಲ್ವೇಲಿದ್ರು ಅಂತೀರಿ, ಇನ್ಯಾವ ಬಾಯ್ಲರ್ರು. ಒಂದು ಇಂಜಿನ್ನಿಗೆ ನೂರಕ್ಕೂ ಮೇಲೆ ಹೊಗೆಕೊಳವೆ ಇರ್ತವೆ. ಎಲ್ಡೂ ತುದಿ ಲೆಕ್ಕ ಹಾಕ್ಕಳಿ.

ಹಳಿ ತಪ್ಪಿದವ
ಹುಬ್ಬಳ್ಳಿ ವರ್ಕ್‌ಶಾಪ್ ಶುರುವಾದದ್ದೇ 1885ರಲ್ಲಿ, ಮೀಟರ್ ಗೇಜ್ ಇಂಜಿನ್ನುಗಳ ರಿಪೇರಿಗೆ. ಕುಂದಗೋಳದಿಂದ ದಿನಾ ರೈಲಿನಲ್ಲಿ ಹೋಗಿ ಬರುವವರು ಆಗ ಬೇಕಾದಷ್ಟು ಜನ. ಸಾಮಾನಿನ ಮೇಲೆ ಎಲ್ಲಾದರೂ ಅಕ್ಷರ ಕೊರೆದಿದ್ದಾರಾ ನೋಡಿ. ರೈಲ್ವೆಯವರು ಸೂಜಿಯನ್ನೂ ಬಿಡದೆ ಮುದ್ರೆ ಹೊಡೀತಿದ್ರು.

ಗಂಗೊಳ್ಳಿ ಗಾಳ
ಮೂರನೆಯದ್ದು ನಮ್ಮ ಕಡೆ ಉಂಟು ಮಾರಾಯ್ರೆ! ಮರದ ದೋಣಿಯ ಹಲಗೆ ಸಂದಿಗೆ ಹತ್ತಿ ತುರುಕುವ ಉಳಿ. ರಾಳ, ಎಣ್ಣೆ ಹಾಕಿದ ಹತ್ತಿ ಎಳೆಯನ್ನು ಸಂದಿಯ ಉದ್ದಕ್ಕೆ ಇಟ್ಟು, ಈ ಉಳಿ ಹಿಡಿದು ಮರದ ಕೊಡತಿಯಲ್ಲಿ ಟೊಕ್ ಟೊಕ್ ಅಂತ ಹೊಡೆಯುವುದು. ಫೈಬರ್ ದೋಣಿ ಬಂದ ಮೇಲೆ ಆ ಕೆಲಸದವರೇ ಸಿಗುವುದಿಲ್ಲ.

ತೇಗದ ತುಂಡು
ದೋಣಿ ಉಳಿಯ ಬಾಯಿ ಮೀನಿನ ಬಾಲದ ತರ ಅಗಲ, ತೆಳು. ಫೋಟೊದಲ್ಲಿರೋದು ಗಿಡ್ಡ, ದಪ್ಪ. ಇದನ್ನ ಸಂದಿಗೆ ಇಟ್ಟರೆ ಹತ್ತಿ ಒಳಗೆ ಹೋಗಲ್ಲ, ಹಲಗೆ ಒಡೆಯುತ್ತೆ. ಮತ್ತೆ ತಲೆ ಆ ಪಾಟಿ ಅರಳಬೇಕಾದ್ರೆ ಕಬ್ಬಿಣದ ಸುತ್ತಿಗೆ ಏಟೇ ಬಿದ್ದಿರಬೇಕು, ಕೊಡತಿಯಿಂದ ಅಷ್ಟಾಗಲ್ಲ.

ಗಂಗೊಳ್ಳಿ ಗಾಳ
ಮತ್ತೆ ಕುಂದಗೋಳದಲ್ಲಿ ದೋಣಿ ಎಲ್ಲಿಂದ ಬರಬೇಕು, ಅದೂ ಹೌದು. ಆದರೆ ಕೆಲಸ ಇದೇ ಜಾತಿಯದ್ದು ಅಂತ ನನ್ನ ಲೆಕ್ಕ. ಸಂದು ಮುಚ್ಚುವುದು.

ಸವೆದ ಬೂಟು
ಗಾಳ ಅವರ ಲೆಕ್ಕ ಹತ್ತಿರಕ್ಕೆ ಬಂದಿದೆ. ನಾನು ಫಿಟ್ಟರ್ ಆಗಿ ರಿಟೈರ್ ಆದವನು. ಇದು ಬಾಯ್ಲರ್‌ನ ಕಾಕಿಂಗ್ ಟೂಲ್, ತಗಡಿನ ಸಂದು ಮುಚ್ಚೋದು.

ವೆಲ್ಡಿಂಗ್ ಇಲ್ಲದ ಕಾಲದಲ್ಲಿ ಬಾಯ್ಲರ್ ಅಂದ್ರೆ ಒಂದರ ಮೇಲೊಂದು ತಗಡು ಇಟ್ಟು ಕೆಂಪಗೆ ಕಾಯಿಸಿದ ರಿವೆಟ್ ಬಡಿದದ್ದು. ರಿವೆಟ್ ಎಷ್ಟೇ ಬಿಗಿಯಾದರೂ ತಗಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತೆ. ಒಳಗೆ ಚದರ ಇಂಚಿಗೆ 150, 200 ಪೌಂಡ್ ಒತ್ತಡ, ಕೂದಲೆಳೆ ಸಂದು ಸಾಕು ಸಿಳ್ಳೆ ಹೊಡೆಯೋಕೆ. ಹಾಗಾಗಿ ಮೇಲಿನ ತಗಡಿನ ಅಂಚಿಗೆ ಈ ಉಳಿ ಇಟ್ಟು ಬಡೀತಾ ಹೋದ್ರೆ, ಅಂಚಿನ ಲೋಹ ಕೆಳಗಿನ ತಗಡಿಗೆ ಒತ್ತಿ ಕೂರುತ್ತೆ.

ಮೊಂಡು ಯಾಕೆ ಅಂದ್ರೆ, ಚೂಪಾಗಿದ್ರೆ ಕೆಳಗಿನ ತಗಡಿನ ಮೇಲೆ ಗೀರು ಬೀಳುತ್ತೆ. ಗೀರು ಬಿದ್ದ ಜಾಗದಲ್ಲೇ ನಾಳೆ ಬಿರುಕು. ಫೋಟೊ ದೊಡ್ಡದು ಮಾಡಿ ನೋಡಿ, ಮೂತಿಯ ಒಂದು ಅಂಚನ್ನ ಬೇಕಂತಲೇ ದುಂಡಗೆ ಉಜ್ಜಿದಾರೆ. ಉಳಿದ ಉಳಿಯೆಲ್ಲ ತುಕ್ಕು ಹಿಡಿದಿದ್ರೂ ಮೂತಿ ಮಾತ್ರ ಪಾಲಿಶ್ ಆಗಿದೆ. ಕೆಲಸಕ್ಕೆ ಬಾರದ ಉಳಿಗೆ ಯಾರೂ ಅಷ್ಟು ಉಪಚಾರ ಮಾಡಲ್ಲ.

ಬಳ್ಳಾರಿ ಬಿಸಿಲು
ನಮ್ಮ ಸೋದರಮಾವ ಒಂದು ಮಿಲ್ಲಿನ ಬಾಯ್ಲರ್ ಹೌಸಿನಲ್ಲಿ ಇದೇ ಕೆಲಸದಲ್ಲಿದ್ದರು. ಒಬ್ಬರು ಹೊರಗಿಂದ ರಿವೆಟ್ ಬಡಿಯುವಾಗ ಇನ್ನೊಬ್ಬರು ಬಾಯ್ಲರ್ ಒಳಗೆ ಕೂತು ಆ ಕಡೆಯಿಂದ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು. ಮಾವ ಒಳಗಿನವರು, ಮೈ ಸಣ್ಣ ಅಂತ. ಕಿವಿಗೆ ಹತ್ತಿ ತುರುಕಿಕೊಂಡು ಹೋಗ್ತಿದ್ರಂತೆ. ನಲವತ್ತು ದಾಟುವ ಮೊದಲೇ ಕಿವಿ ಹೋಯ್ತು. ಮದುವೆ ಮನೆಯಲ್ಲಿ ಬ್ಯಾಂಡಿನವರ ಪಕ್ಕ ಕೂತು ಆರಾಮಾಗಿ ಎಲೆ ಅಡಿಕೆ ಹಾಕ್ತಿದ್ರು, ಉಳಿದವರೆಲ್ಲ ಎದ್ದು ಹೋಗಿರೋರು.

ಸವೆದ ಬೂಟು
ಅದು ಆ ಕಸುಬಿಗೇ ಅಂಟಿಕೊಂಡಿದ್ದ ಕಾಯಿಲೆ ಅಕ್ಕ. ಬ್ರಿಟನ್ನಿನಲ್ಲಿ 19ನೇ ಶತಮಾನದಲ್ಲೇ ಡಾಕ್ಟರುಗಳು ಬಾಯ್ಲರ್ ಕೆಲಸದವರ ಕಿವುಡು ಅಂತ ಬೇರೆಯಾಗಿ ಗುರುತಿಸಿದ್ರು. ಎತ್ತರದ ದನಿ ಮೊದಲು ಹೋಗುತ್ತೆ, ಹೆಂಗಸರು ಮಕ್ಕಳು ಮಾತಾಡಿದ್ದು ಕೇಳಲ್ಲ, ಗಂಡಸರ ದನಿ ಸ್ವಲ್ಪ ಕೇಳುತ್ತೆ. ಮನೆಯವರು "ಬೇಕಾದ್ದು ಮಾತ್ರ ಕೇಳಿಸಿಕೊಳ್ತಾನೆ" ಅಂತ ಬೈತಿದ್ರು.

ಬಳ್ಳಾರಿ ಬಿಸಿಲು
ನಮ್ಮ ಅತ್ತೆ ಬೈಯ್ತಿದ್ದದ್ದು ಅಕ್ಷರಶಃ ಇದೇ.

ಕುಂದಗೋಳದವ
ಅಕ್ಷರ ಸಿಕ್ತು ನೋಡ್ರಿ. ಮೊಂಡ ಉಳಿ ಮೈಮ್ಯಾಲ, ತುಕ್ಕಿನ ಕೆಳಗ "ಎಂ ಎಸ್ ಎಂ ಆರ್". ಟ್ರಂಕಿನ ತಳದಾಗ ಒಂದು ಹಿತ್ತಾಳಿ ಬಿಲ್ಲಿನೂ ಸಿಕ್ತು, ತೂತು ಐತಿ, ಮೂರಂಕಿ ನಂಬರ್ ಐತಿ.

ಹಳಿ ತಪ್ಪಿದವ
ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ! 1908ರಲ್ಲಿ ಎರಡು ಕಂಪನಿ ಕೂಡಿ ಆದದ್ದು. 1951ರ ಏಪ್ರಿಲ್‌ನಲ್ಲಿ ಸೌತ್ ಇಂಡಿಯನ್ ರೈಲ್ವೆ, ಮೈಸೂರು ಸ್ಟೇಟ್ ರೈಲ್ವೆ ಜತೆ ಸೇರಿ ಸದರ್ನ್ ರೈಲ್ವೆ ಆಯ್ತು. ಆ ಮುದ್ರೆ ಬಿದ್ದದ್ದು ಈ ಎರಡರ ನಡುವೆ. ಬಿಲ್ಲೆ ಹಾಜರಿಯದು. ಬೆಳಿಗ್ಗೆ ಗೇಟಿನಲ್ಲಿ ತಮ್ಮ ನಂಬರಿನ ಬಿಲ್ಲೆ ತಗೊಂಡು ಒಳಗೆ ಹೋಗೋದು, ಬೋರ್ಡಿನಲ್ಲಿ ಬಿಲ್ಲೆ ಉಳಿದ್ರೆ ಆ ದಿನ ಗೈರು.

ಸ್ಕೂಟರ್ ಸುಬ್ಬ
ಅಂದ್ರೆ ರೈಲ್ವೆ ಮಾಲು ಮನೆಗೆ ಬಂದಿದೆ. ಅಜ್ಜ ಎತ್ತಾಕ್ಕೊಂಡು ಬಂದ್ರಾ 😄

ಗದಗ ಗಿರಮಿಟ್
ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ರೇಲ್ವೆ ಹಳೇ ಕಬ್ಬಿಣ ಹರಾಜ್ ಹಾಕೂದು ಇವತ್ತಿನದಲ್ಲ.

ಸ್ಕೂಟರ್ ಸುಬ್ಬ
ಹಾಜರಿ ಬಿಲ್ಲೆನೂ ಹರಾಜ್ ಹಾಕಿದ್ರಾ?

ಸವೆದ ಬೂಟು
ಇಬ್ಬರೂ ಬಿಡಿ. ಉಗಿಬಂಡಿ ಹೋಗಿ ಡೀಸೆಲ್ ಬಂದಾಗ ಈ ಸಾಮಾನೆಲ್ಲ ರಾಶಿ ಬಿದ್ದಿತ್ತು, ಎತ್ತಿಕೊಳ್ಳೋರು ಗತಿ ಇರಲಿಲ್ಲ. ತಾನು ದಿನಾ ಹಿಡಿದ ಉಳಿಯನ್ನ ಕರಗಿಸೋಕೆ ಕಳಿಸ್ತಾರೆ ಅಂದ್ರೆ ಯಾರಿಗೆ ತಾನೇ ಮನಸ್ಸು ಬರುತ್ತೆ.

ಕುಂದಗೋಳದವ
ಅಪ್ಪಗ ಓದಿ ಹೇಳಿದೆ. ನಕ್ಕು, "ಅಪ್ಪ ಎತ್ತಕೊಂಡ ಬರಾಂವಾಗಿದ್ರ ನಾವು ಇನ್ನೂ ಹಂಚಿನ ಮನ್ಯಾಗ ಇರತಿದ್ದಿಲ್ಲ" ಅಂದ್ರು. 4 ಇನ್ನೂ ಉಳದೈತ್ರಿ.

ಬಸವನಗುಡಿ ಬಾಲ್ಕನಿ
ಇದು ಮಾತ್ರ ನಂಗೆ ಗ್ಯಾರಂಟಿ ಗೊತ್ತು. ಕರ್ಜಿಕಾಯಿ ಅಂಚು ಕತ್ತರಿಸೋ ಚಕ್ರ.

ಆರಿ ದಾರ
ಅಲ್ಲ ಅಕ್ಕ. ಕರ್ಜಿಕಾಯಿ ಚಕ್ರದ ಅಂಚು ಅಲೆಅಲೆ ಇರುತ್ತೆ, ಕತ್ತರಿಸಬೇಕಲ್ಲ. ಇದರ ಹಲ್ಲು ಬಿಡಿಬಿಡಿಯಾಗಿ ಮುಳ್ಳಿನಂತಿದೆ, ಹಿಟ್ಟಿನ ಮೇಲೆ ಓಡಿಸಿದ್ರೆ ತೂತು ಬೀಳುತ್ತೆ ಅಷ್ಟೇ, ಹೂರಣ ಎಣ್ಣೆ ಪಾಲು. ಇದು ಚರ್ಮದ ಹೊಲಿಗೆಗೆ ಗುರುತು ಹಾಕೋ ಚಕ್ರ. ಮೊದಲು ಅಂಚಿನ ಉದ್ದಕ್ಕೂ ಸಣ್ಣ ಗೆರೆ ಕೊರೆದು, ಅದರಲ್ಲಿ ಈ ಚಕ್ರ ಒತ್ತಿ ಓಡಿಸ್ತೀವಿ, ಒಂದೇ ಅಳತೆಗೆ ಚುಕ್ಕಿ ಬೀಳುತ್ತೆ. ಆಮೇಲೆ ಚುಕ್ಕಿ ಚುಕ್ಕಿಗೂ ಆರಿ ಚುಚ್ಚಿ ಹೊಲಿಯೋದು. ಚರ್ಮ ಸ್ವಲ್ಪ ಒದ್ದೆ ಇದ್ರೆ ಗುರುತು ಚೆನ್ನಾಗಿ ನಿಲ್ಲುತ್ತೆ. ಟೈಲರುಗಳದ್ದೂ ಒಂದು ಇದೆ, ಕಾರ್ಬನ್ ಮೇಲೆ ಓಡಿಸೋದು, ಅದರ ಹಲ್ಲು ಇನ್ನೂ ಸಣ್ಣ, ಒತ್ತೊತ್ತು.

ಹಳಿ ತಪ್ಪಿದವ
ರೈಲು ಡಬ್ಬಿಯ ಸೀಟು ಹೊಲಿಯೋ ಟ್ರಿಮ್ಮಿಂಗ್ ಶಾಪ್ ಅಂತಲೂ ಇರ್ತಿತ್ತು. ಅಲ್ಲಿನ ಗೆಳೆಯರು ಯಾರೋ ಕೊಟ್ಟಿರಬಹುದು.

ಬಸವನಗುಡಿ ಬಾಲ್ಕನಿ
ಇಲ್ಲ, ನನಗೇನೋ ಕರ್ಜಿಕಾಯಿನೇ ಅನ್ಸುತ್ತೆ. ಅಡುಗೆಮನೆ ಸಾಮಾನು ಅಟ್ಟಕ್ಕೆ ಹೋಗಿರಲ್ವಾ?

ಕುಂದಗೋಳದವ
ಅವ್ವಗ ಫೋಟೊ ತೋರಿಸಿದೆ ಅಕ್ಕಾರ. "ನಮ್ಮ ಕರ್ಜಿಕಾಯಿ ಚಕ್ರ ಹಿತ್ತಾಳಿದು, ಮಾಡದಾಗ ಐತಿ, ಯಾರ ಕೈಯಾಗೂ ಕೊಟ್ಟಿಲ್ಲ" ಅಂದ್ಲು.

ಬಸವನಗುಡಿ ಬಾಲ್ಕನಿ
ಸರಿ ಬಿಡಿ. ರೆಸಿಪಿ ಆದ್ರೂ ಹಾಕಿಸಿ.

ಮೆಟ್ರಿಕ್ ಮಂಜ
5ರ ಬಿಲ್ಲೆ ಮೇಲಿನ ನಂಬರ್ ಹಲ್ಲು ಎಷ್ಟು ಡಿಗ್ರಿ ಬಾಗಬೇಕು ಅಂತ ತಾನೇ?

ತೇಗದ ತುಂಡು
ಡಿಗ್ರಿ ಅಲ್ಲ, ಇಂಚಿಗೆ ಎಷ್ಟು ಹಲ್ಲಿನ ಗರಗಸ ಅನ್ನೋ ಲೆಕ್ಕ. ಹಿಡಿಕೆ ಮೇಲೆ ಎಕ್ಲಿಪ್ಸ್ 77 ಅಂತ ಓದೋಕಾಗ್ತಿದೆ, ಇಂಗ್ಲೆಂಡಿನ ಶೆಫೀಲ್ಡ್ ಮಾಲು. ಒಂದು ಹಲ್ಲು ಬಿಟ್ಟು ಒಂದು ಹಲ್ಲು ಒತ್ತುತ್ತಾ ತುದಿವರೆಗೂ ಹೋಗಿ, ಗರಗಸ ತಿರುಗಿಸಿ ಉಳಿದದ್ದನ್ನ ಆ ಕಡೆಗೆ ಒತ್ತೋದು. ಹಲ್ಲು ಎಡಕ್ಕೊಂದು ಬಲಕ್ಕೊಂದು ಬಾಗಿದ್ರೆ ತಾನೇ ಸೀಳು ಅಲಗಿಗಿಂತ ಅಗಲ ಆಗೋದು, ಇಲ್ಲಾಂದ್ರೆ ಅರ್ಧ ಮರಕ್ಕೆ ಗರಗಸ ಕಚ್ಚಿಕೊಂಡು ನಿಲ್ಲುತ್ತೆ. ಹಸಿ ಮರಕ್ಕೆ ಜಾಸ್ತಿ ಕೊಡಬೇಕು. ಹಲ್ಲು ಪೂರ್ತಿ ಬುಡದಿಂದ ಬಗ್ಗಿಸಬಾರದು, ಮುರೀತದೆ.

ಕೊಡೋದಾದ್ರೆ ನನಗೆ ಕೊಡಿ, ಗುಜರಿಯವನಿಗಿಂತ ನಾಲ್ಕು ಪಟ್ಟು.

ಕುಂದಗೋಳದವ
ಈಗ ಯಾವುದೂ ಕೊಡೂದಿಲ್ರಿ 🙂 ತುಕ್ಕು ತಗಿಯೂದು ಹೆಂಗ? ಗ್ರೈಂಡರಿಗೆ ವೈರ್ ಬ್ರಶ್ ಹಾಕಲೇನು?

ಪೀಣ್ಯ ಲೇಥ್
ಬೇಡವೇ ಬೇಡ, ಮುದ್ರೆ ಅಳಿಸಿ ಹೋಗುತ್ತೆ. ಬಕೆಟ್ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ, ಬ್ಯಾಟರಿ ಚಾರ್ಜರಿನ ಮೈನಸ್ ಸಾಮಾನಿಗೆ, ಪ್ಲಸ್ ಯಾವುದಾದರೂ ಹಳೇ ಕಬ್ಬಿಣದ ತುಂಡಿಗೆ. ಎರಡೂ ಮುಟ್ಟಬಾರದು. ಪ್ಲಸ್‌ಗೆ ಸ್ಟೀಲ್ ಚಮಚ ಗಿಮಚ ಹಾಕಬೇಡಿ, ಕ್ರೋಮಿಯಂ ನೀರಿಗೆ ಇಳಿಯುತ್ತೆ, ಅದು ವಿಷ. ಬಯಲಲ್ಲೇ ಮಾಡಿ, ಹೈಡ್ರೋಜನ್ ಬರುತ್ತೆ, ಪಕ್ಕದಲ್ಲಿ ಬೀಡಿ ಹಚ್ಚೋರು ಇರಬಾರದು. ಹೊರಗೆ ತೆಗೆದ ತಕ್ಷಣ ಒರೆಸಿ ಎಣ್ಣೆ ಹಚ್ಚಿ.

ಸ್ಕೂಟರ್ ಸುಬ್ಬ
ಕೋಲಾದಲ್ಲಿ ನೆನೆಸಿ ಗುರು, ಸಿಂಪಲ್.

ಸವೆದ ಬೂಟು
ಕೋಲಾ ಕುಡೀರಿ, ಸಾಮಾನಿಗೆ ಬೇಡ. ಇನ್ನೊಂದು ಮಾತು, ಆ ಉಳಿ ತಗೊಂಡು ಉತ್ಸಾಹಕ್ಕೆ ಯಾರೂ ಬಡಿಯೋಕೆ ಹೋಗಬೇಡಿ. ತಲೆ ಅರಳಿದ ಉಳಿಗೆ ಏಟು ಬಿದ್ರೆ ಅಂಚಿನ ಚೂರು ಸಿಡಿದು ಕಣ್ಣಿಗೆ ಬೀಳುತ್ತೆ. ಕೆಲಸಕ್ಕೆ ಬಳಸೋದಾದ್ರೆ ಅರಳಿದ್ದನ್ನ ಉಜ್ಜಿ ತೆಗೀಬೇಕು, ಇಟ್ಟುಕೊಳ್ಳೋದಾದ್ರೆ ಹಾಗೇ ಬಿಡಿ.

ಹಳಿ ತಪ್ಪಿದವ
ಹುಬ್ಬಳ್ಳಿ ಗದಗ ರಸ್ತೆಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಆಗಿದೆ. ಬಿಲ್ಲೆ, ಎಕ್ಸ್‌ಪಾಂಡರ್ ತಗೊಂಡು ಹೋಗಿ ತೋರಿಸಿ. ಕೊಡಲೇಬೇಕು ಅಂತಿಲ್ಲ.

ಕುಂದಗೋಳದವ
ಬಿಲ್ಲಿ ಅಪ್ಪ ಆಗಲೇ ತಮ್ಮ ಕೀಲಿಗೊಂಚಲಕ್ಕ ಹಾಕ್ಕೊಂಡಾರ್ರಿ, ಅದನ್ನ ಕೇಳಾಕ ನನಗ ಧೈರ್ಯ ಇಲ್ಲ. ಎಕ್ಸ್‌ಪಾಂಡರ್ ಒಯ್ದು ತೋರಸತೀನಿ.

ಮೆಟ್ರಿಕ್ ಮಂಜ
ಹೋಗೋ ಮುಂಚೆ ಆ ಅರ್ಧ ಇಂಚಿನ ತೂತಿಗೆ ಥ್ರೆಡ್ ಗೇಜ್ ಹಿಡಿದು ನೋಡಿ ಹೇಳಿ. 12 ಬಂದ್ರೆ ಪೀಣ್ಯ ಸರ್‌ಗೆ ಕಾಫಿ ನನ್ನದು.

ದಾವಣಗೆರೆ ಬೆಣ್ಣೆ
ಎಲ್ಲಾರೂ ಇಲ್ಲೇ ಇದ್ದೀರಿ, ನಂದೂ ಒಂದು ನೋಡ್ರಿ. ಅರ್ಧಚಂದ್ರ ಆಕಾರದ ಚಪ್ಪಟೆ ಕಬ್ಬಿಣ, ಅಂಗೈಗಿಂತ ಸಣ್ಣದು, ಅಂಚಿನಾಗ ಮೊಳೆ ತೂತು. ಹಳೇ ಡಬ್ಬಿಯಾಗ ಎಂಟು ಅದಾವೆ, ಎಲ್ಲಾ ಜೋಡಿ ಜೋಡಿ.

ಗದಗ ಗಿರಮಿಟ್
ಎತ್ತಿನ ಲಾಳ. ಗೊರಸು ಎರಡು ಸೀಳು ಇರತೈತಲ್ಲ, ಕಾಲಿಗೆ ಎರಡರಂಗ ನಾಕು ಕಾಲಿಗೆ ಎಂಟು. ಒಂದು ಎತ್ತಿಂದು ಪೂರ್ತಿ ಸೆಟ್ ಐತಿ ನಿಮ್ಮ ಹತ್ರ, ಜೋಡೆತ್ತು ಇದ್ರ ಇನ್ನೊಂದು ಡಬ್ಬಿ ಹುಡುಕ್ರಿ.